ತಪ್ಪಿಸಿಕೊಂಡ ಮರವೋ, ತಡೆಯುವ ಮರವೋ? ಮಾವಿನ ಮರದ ರೋಗ ನಿರೋಧಕ ಶಕ್ತಿ ಅಳೆಯುವ ಬಗೆ

ಹೂಗೊಂಚಲಿನ ಮೇಲೆ ಬಿಳಿ ಹಿಟ್ಟಿನ ಹಾಗೆ ಹರಡುವ ಬೂದಿ ರೋಗ ಜೋರಾದ ವರ್ಷ ಶ್ರೀನಿವಾಸಪುರದ ಕಡೆ ಯಾವ ಮಾವಿನ ತೋಟಕ್ಕೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ: "ಎಲ್ಲ ಮರಕ್ಕೂ ಬೂದಿ ಹತ್ತಿತು. ಆ ಮೂಲೆ ಮರಕ್ಕೆ ಮಾತ್ರ ಏನೂ ಆಗಲಿಲ್ಲ ನೋಡಿ." ಮುಂದಿನ ಮಳೆಗಾಲದಲ್ಲಿ ಆ ಮರದ ಕಡ್ಡಿ ತೆಗೆದು ಕಸಿ ಕಟ್ಟುತ್ತಾರೆ.

ನಾನೂ ಕಟ್ಟಿದ್ದೆ. ಇಪ್ಪತ್ತೈದು ಗಿಡ. ನಾಲ್ಕನೇ ವರ್ಷ ಅವು ಮೊದಲ ಸಲ ಮೈತುಂಬಾ ಹೂ ಬಿಟ್ಟವು. ಸಂಕ್ರಾಂತಿ ಕಳೆದು ಎರಡು ವಾರ ಆಗುವಷ್ಟರಲ್ಲಿ ಇಪ್ಪತ್ತೈದೂ ಬೆಳ್ಳಗಾದವು. ತಾಯಿ ಮರ ಮಾತ್ರ ಆ ವರ್ಷವೂ ಚೆನ್ನಾಗಿತ್ತು. ಕಾರಣ ಗೊತ್ತಾಗಿದ್ದು ಒಂದು ಬೆಳಗ್ಗೆ ಬೇಲಿ ಹತ್ತಿರ ನಿಂತಾಗ. ಆಚೆ ತೋಟದವರು ಪವರ್ ಸ್ಪ್ರೇಯರ್‌ನಲ್ಲಿ ಗಂಧಕ ಹೊಡೆಯುತ್ತಿದ್ದರು. ಗಾಳಿ ನಮ್ಮ ಕಡೆ ಬೀಸುತ್ತಿತ್ತು. ನಮ್ಮ ಮೂಲೆ ಮರ ವರ್ಷ ವರ್ಷ ಅವರ ಔಷಧಿಯಲ್ಲಿ ನೆನೆಯುತ್ತಾ ಬಂದಿತ್ತು.

ಆ ಮರಕ್ಕೆ ರೋಗ ತಡೆಯುವ ಶಕ್ತಿ ಇರಲಿಲ್ಲ. ಅದು ರೋಗದಿಂದ ತಪ್ಪಿಸಿಕೊಂಡಿತ್ತು, ಅಷ್ಟೇ. ಇನ್ನೊಬ್ಬರಿಗೆ ನಾಲ್ಕು ವರ್ಷ ಹೀಗೆ ನಷ್ಟ ಆಗದಿರಲಿ ಅಂತ ಆಮೇಲೆ ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಲ್ಯಾಬ್ ಬೇಡ. ಒಂದು ನೋಟ್‌ಬುಕ್, ಒಂದಿಷ್ಟು ಬಣ್ಣದ ದಾರ, ಒಂದು ಏಣಿ ಮತ್ತು ಮೂರು ವರ್ಷದ ತಾಳ್ಮೆ ಬೇಕು.

ಮೂರು ಬಗೆಯ ಮರಗಳು

ತೋಟದಲ್ಲಿ ರೋಗದ ನಡುವೆ ಚೆನ್ನಾಗಿ ಕಾಣುವ ಮರಗಳು ಮೂರು ಬಗೆ. ಮೊದಲನೆಯದು ತಪ್ಪಿಸಿಕೊಂಡ ಮರ. ರೋಗ ಅದರ ಹತ್ತಿರ ಸರಿಯಾಗಿ ಬಂದೇ ಇಲ್ಲ, ಅಥವಾ ಬಂದಾಗ ಮರದಲ್ಲಿ ಹೂ ಇರಲಿಲ್ಲ. ಎರಡನೆಯದು ತಾಳಿಕೊಳ್ಳುವ ಮರ. ಅದಕ್ಕೆ ರೋಗ ಬರುತ್ತದೆ, ಆದರೂ ತಕ್ಕಮಟ್ಟಿಗೆ ಕಾಯಿ ಕೊಡುತ್ತದೆ. ಮೂರನೆಯದು ನಿಜವಾಗಿ ತಡೆಯುವ ಮರ. ರೋಗದ ಬೀಜ ಅದರ ಮೇಲೆ ಬಿದ್ದರೂ ಬೆಳೆಯುವುದಿಲ್ಲ, ಇಲ್ಲವೇ ತುಂಬಾ ನಿಧಾನವಾಗಿ ಬೆಳೆಯುತ್ತದೆ.

ತಾಳಿಕೊಳ್ಳುವ ಮರವನ್ನು ಕಡೆಗಣಿಸಬೇಡಿ. ಔಷಧಿಯ ಖರ್ಚು ಏರುತ್ತಿರುವಾಗ ಅದೂ ದೊಡ್ಡ ಆಸ್ತಿ. ಆದರೆ ಅದರ ಮೇಲೆ ಬೆಳೆದ ರೋಗ ಪಕ್ಕದ ಮರಗಳಿಗೆ ಹರಡುತ್ತದೆ. ಹಾಗಾಗಿ ಯಾವ ಮರ ಯಾವ ಬಗೆ ಅಂತ ಬೇರೆ ಬೇರೆ ಬರೆದಿಡಬೇಕು.

ಎಲ್ಲಿ ಹುಡುಕಬೇಕು

ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದ್ದು ಇದು. ನಾನು ಯೋಚಿಸಿರಲಿಲ್ಲ.

ನನ್ನ ಮೂಲೆ ಮರ ಬಾದಾಮಿ ತಳಿಯ ಮಾವು. ಉಳಿದ ಮರಗಳೂ ಬಾದಾಮಿಯೇ. ಎಲ್ಲವೂ ಕಸಿ ಗಿಡಗಳು. ಕಸಿ ಅಂದರೆ ಒಂದೇ ಮರದ ತುಂಡುಗಳು ಬೇರೆ ಬೇರೆ ಬೇರಿನ ಮೇಲೆ ನಿಂತ ಹಾಗೆ. ಮೇಲಿನ ಕೊಂಬೆ, ಎಲೆ, ಹೂವಿನ ಗುಣ ಎಲ್ಲದರಲ್ಲೂ ಒಂದೇ. ಅಂಥ ತೋಟದಲ್ಲಿ ಒಂದು ಮರ ಮಾತ್ರ ಬೇರೆಯಾಗಿ ಕಂಡರೆ ಕಾರಣ ಹೆಚ್ಚಾಗಿ ಜಾಗದಲ್ಲಿ ಇರುತ್ತದೆ. ಮಣ್ಣು, ನೀರು, ನೆರಳು, ಗಾಳಿ, ಪಕ್ಕದವರ ಔಷಧಿ, ಹೀಗೆ ಏನೋ ಒಂದು. ಕಸಿಗೆ ಬೇರು ಕೊಟ್ಟ ಗಿಡಗಳು ಓಟೆಯಿಂದ ಬಂದವು, ಅವು ಒಂದೊಂದೂ ಬೇರೆ. ಆ ವ್ಯತ್ಯಾಸವೂ ಸ್ವಲ್ಪ ಕೆಲಸ ಮಾಡುತ್ತದೆ. ಆದರೆ ಅದು ಕಡ್ಡಿಯ ಜೊತೆ ಬರುವುದಿಲ್ಲ ಅಲ್ವಾ?

ಆದ್ದರಿಂದ ಹುಡುಕಾಟ ಎರಡು ಕಡೆ ನಡೆಯಬೇಕು. ಒಂದು, ನಿಮ್ಮಲ್ಲಿರುವ ಬೇರೆ ಬೇರೆ ತಳಿಗಳ ನಡುವೆ: ಬಾದಾಮಿ, ರಸಪುರಿ, ತೋತಾಪುರಿ, ಮಲ್ಲಿಕಾ, ಬೇನಿಷಾ, ನೀಲಂ, ಸೇಂದೂರ. ಇನ್ನೊಂದು, ಓಟೆಯಿಂದ ಎದ್ದ ನಾಟಿ ಮರಗಳ ನಡುವೆ. ಬದುವಿನ ಮೇಲೆ, ಕೆರೆ ಏರಿಯ ಪಕ್ಕ, ಹಳೇ ರಸ್ತೆ ಬದಿಯಲ್ಲಿ ಇರುವ ಮರಗಳು. ನಮ್ಮ ಮಾವಿನಲ್ಲಿ ಓಟೆ ನೆಟ್ಟರೆ ಸಾಮಾನ್ಯವಾಗಿ ತಾಯಿಯಂಥ ಮರ ಬರುವುದಿಲ್ಲ. ರುಚಿಗೆ ಅದು ತೊಂದರೆ, ನಿರೋಧಕ ಶಕ್ತಿ ಹುಡುಕುವವರಿಗೆ ಅದೇ ಅನುಕೂಲ. ಮಲೆನಾಡಿನ ಅಪ್ಪೆಮಿಡಿ ಮರಗಳನ್ನು ನೋಡಿ. ಸಾಗರ, ಸಿದ್ದಾಪುರ, ಶಿರಸಿ ಸೀಮೆಯಲ್ಲಿ ಹೊಳೆ ಬದಿಯ ಒಂದೊಂದು ಮರಕ್ಕೂ ಒಂದೊಂದು ಪರಿಮಳ, ಒಂದೊಂದು ಹೆಸರು. ರೋಗದ ವಿಷಯದಲ್ಲೂ ಒಂದೊಂದರದ್ದು ಒಂದೊಂದು ಗುಣ.

ರೋಗದ ಗುರುತು ಸರಿಯಾಗಿ ಹಿಡಿಯಿರಿ

ಒಂದೇ ಸಲ ಎಲ್ಲ ರೋಗಗಳನ್ನೂ ಅಳೆಯಲು ಹೋಗಬೇಡಿ. ಬೂದಿ ರೋಗ ಮತ್ತು ಚಿಬ್ಬು ರೋಗ, ಇವೆರಡರಿಂದ ಶುರು ಮಾಡಿ. ಚಿಬ್ಬು ರೋಗಕ್ಕೆ ಆಂಥ್ರಾಕ್ನೋಸ್ ಅಂತಲೂ ಹೇಳುತ್ತಾರೆ. ಎರಡೂ ಶಿಲೀಂಧ್ರದಿಂದ ಬರುವ ರೋಗಗಳೇ. ಆದರೆ ಇವುಗಳ ದಾರಿ ಬೇರೆ ಬೇರೆ. ಒಂದನ್ನು ತಡೆಯುವ ಮರ ಇನ್ನೊಂದನ್ನು ತಡೆಯಬೇಕೆಂದೇನೂ ಇಲ್ಲ.

ಬೂದಿ ರೋಗಕ್ಕೆ ಮಳೆ ಬೇಡ. ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ, ಬೆಳಗ್ಗೆ ಮಂಜು ಅಥವಾ ಮೋಡ ಇದ್ದರೆ ಸಾಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೂಗೊಂಚಲಿನ ಮೇಲೆ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ. ಹೂ ಕಂದಾಗಿ ಉದುರುತ್ತದೆ, ಸಾಸಿವೆ ಕಾಳಿನಷ್ಟು ಮಿಡಿಯೂ ಉದುರುತ್ತದೆ. ಎಳೆ ಎಲೆಯ ಕೆಳಭಾಗದಲ್ಲೂ ಕಾಣಬಹುದು.

ಚಿಬ್ಬು ರೋಗಕ್ಕೆ ಒದ್ದೆ ಬೇಕು. ಮಳೆ ಹನಿ, ದಟ್ಟ ಇಬ್ಬನಿ ಬೇಕು. ಚಿಗುರೆಲೆಯ ಮೇಲೆ ಕಪ್ಪು ಮಿಶ್ರಿತ ಕಂದು ಚುಕ್ಕೆಗಳು, ಗೊಂಚಲಿನ ಕಡ್ಡಿಯ ಮೇಲೆ ಕಪ್ಪು ಚುಕ್ಕೆಗಳು, ಹಣ್ಣಿನ ಮೇಲೆ ತಗ್ಗಾದ ಕಪ್ಪು ಮಚ್ಚೆಗಳು ಬರುತ್ತವೆ. ಕೆಲವೊಮ್ಮೆ ತೊಟ್ಟಿನಿಂದ ಕಣ್ಣೀರು ಇಳಿದ ಹಾಗೆ ಕಪ್ಪು ಗೆರೆ ಕಾಣುತ್ತದೆ.

ದಾರಿ ತಪ್ಪಿಸುವ ಲಕ್ಷಣಗಳೂ ಇವೆ. ಜಿಗಿಹುಳು ಹಾಕಿದ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಹೆಬ್ಬೆರಳಿನಿಂದ ಉಜ್ಜಿ ನೋಡಿ. ಒರೆಸಿಕೊಂಡು ಬಂದರೆ ಅದು ಚಿಬ್ಬು ರೋಗ ಅಲ್ಲ. ಎಲೆಯ ಚುಕ್ಕೆ ನರಗಳ ನಡುವೆ ಮೂಲೆ ಮೂಲೆಯಾಗಿದ್ದು, ಮುಟ್ಟಿದರೆ ಸ್ವಲ್ಪ ಉಬ್ಬಿದ ಹಾಗೆ ಇದ್ದರೆ, ಕಾಯಿ ನಕ್ಷತ್ರದ ಹಾಗೆ ಸೀಳಿ ಅಂಟು ಸುರಿಸುತ್ತಿದ್ದರೆ ಅದು ದುಂಡಾಣುವಿನಿಂದ (ಬ್ಯಾಕ್ಟೀರಿಯಾ) ಬರುವ ಕಪ್ಪು ಚುಕ್ಕೆ ರೋಗ. ಎಲೆಯ ತುದಿ ಮಾತ್ರ ಸುಟ್ಟಿದ್ದರೆ ಉಪ್ಪು ನೀರು ಅಥವಾ ಗೊಬ್ಬರದ ಸಮಸ್ಯೆ ಇರಬಹುದು. ಅನುಮಾನ ಬಂದರೆ ಎಲೆ, ಗೊಂಚಲು ಎರಡನ್ನೂ ಕಾಗದದಲ್ಲಿ ಸುತ್ತಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ದಾರಿಯಲ್ಲೇ ಬೆವತು ಕೊಳೆಯುತ್ತದೆ.

ಸಾಕ್ಷಿ ಮರ ಆರಿಸಿ

ಈ ಕೆಲಸದಲ್ಲಿ ಅತಿ ಮುಖ್ಯವಾದದ್ದು ಸಾಕ್ಷಿ ಮರ ಅಂತ ನನ್ನ ಅನುಭವ. ನಿಮ್ಮ ತೋಟದಲ್ಲಿ ಪ್ರತಿ ವರ್ಷ ಎಲ್ಲಕ್ಕಿಂತ ಜಾಸ್ತಿ ರೋಗ ಬರುವ ಮರ ಯಾವುದು ಅಂತ ನಿಮಗೆ ಗೊತ್ತೇ ಇರುತ್ತದೆ. ಅದಕ್ಕೆ ಕೆಂಪು ಬಣ್ಣ ಬಳಿದು ಗುರುತು ಮಾಡಿ. ಪರೀಕ್ಷೆಗೆ ಆರಿಸಿದ ಪ್ರತಿ ಮರದ ಹತ್ತಿರವೂ ಒಂದು ಸಾಕ್ಷಿ ಮರ ಇದ್ದರೆ ಒಳ್ಳೆಯದು.

ಸಾಕ್ಷಿ ಮರದ ಕೆಲಸ ಏನು? ಆ ವರ್ಷ, ಆ ಜಾಗಕ್ಕೆ ರೋಗ ಬಂದಿತ್ತು ಅಂತ ಅದು ಹೇಳಬೇಕು. ಸಾಕ್ಷಿ ಮರ ಪೂರ್ತಿ ಬೆಳ್ಳಗಾಗಿ ಪಕ್ಕದ ಮರ ಹಸಿರಾಗಿದ್ದರೆ ಅದಕ್ಕೆ ಅರ್ಥ ಇದೆ. ಸಾಕ್ಷಿ ಮರವೂ ಚೆನ್ನಾಗಿದ್ದರೆ ಆ ವರ್ಷ ರೋಗವೇ ಬಂದಿಲ್ಲ. ಆ ವರ್ಷದ ಲೆಕ್ಕವನ್ನು ಬಿಟ್ಟುಬಿಡಿ. ಎಷ್ಟೇ ಆಸೆ ಇದ್ದರೂ ಬಿಟ್ಟುಬಿಡಿ.

ಆಮೇಲೆ ತೋಟದ ಒಂದು ನಕ್ಷೆ ಬರೆದುಕೊಳ್ಳಿ. ಚಂದ ಇರಬೇಕಾಗಿಲ್ಲ. ಪ್ರತಿ ಮರಕ್ಕೆ ನಂಬರ್, ತಳಿ, ವಯಸ್ಸು. ಬೋರ್‌ವೆಲ್ ಎಲ್ಲಿ, ನೆರಳು ಯಾವ ಕಡೆ, ಧೂಳಿನ ರಸ್ತೆ ಯಾವ ಕಡೆ, ಪಕ್ಕದ ತೋಟ ಎಷ್ಟು ದೂರ, ಹೂ ಬರುವ ಕಾಲದಲ್ಲಿ ಗಾಳಿ ಯಾವ ದಿಕ್ಕಿಗೆ. ನನ್ನ ಹತ್ತಿರ ಅಂದು ಇಂಥ ನಕ್ಷೆ ಇದ್ದಿದ್ದರೆ ಗಂಧಕದ ವಿಷಯ ಮೊದಲ ವರ್ಷವೇ ಹೊಳೆಯುತ್ತಿತ್ತು.

ಔಷಧಿ ನಿಲ್ಲಿಸುವುದು

ಔಷಧಿ ಹೊಡೆದ ಮರದ ನಿರೋಧಕ ಶಕ್ತಿ ಅಳೆಯಲು ಆಗುವುದಿಲ್ಲ. ಹಾಗಂತ ಇಡೀ ತೋಟವನ್ನು ಬಲಿ ಕೊಡಬೇಕಾಗಿಲ್ಲ. ಪರೀಕ್ಷೆಯ ಎರಡು ಮೂರು ಮರ, ಅವುಗಳ ಸಾಕ್ಷಿ ಮರ, ಇಷ್ಟಕ್ಕೆ ಮಾತ್ರ ಶಿಲೀಂಧ್ರನಾಶಕ ನಿಲ್ಲಿಸಿ. ಗಂಧಕ, ಹೆಕ್ಸಾಕೊನಜೋಲ್, ಕಾರ್ಬೆಂಡಜಿಮ್ ಯಾವುದೂ ಬೇಡ. ಜಿಗಿಹುಳುವಿಗೆ ಹೊಡೆಯುವ ಕೀಟನಾಶಕ ಮುಂದುವರಿಸಬಹುದು. ಇಲ್ಲದಿದ್ದರೆ ಹೂ ಉದುರಿದ್ದು ಹುಳುವಿನಿಂದಲೋ ಬೂದಿಯಿಂದಲೋ ಗೊತ್ತಾಗುವುದಿಲ್ಲ. ಆದರೆ ನಮ್ಮ ಕಡೆ ಎರಡನ್ನೂ ಒಂದೇ ಡ್ರಮ್‌ನಲ್ಲಿ ಕಲಸಿ ಹೊಡೆಯುವುದು ರೂಢಿ. ಕೂಲಿಯವರಿಗೆ ಮೊದಲೇ ಹೇಳಿ, ಈ ಮರಗಳಿಗೆ ಬೇರೆ ಡ್ರಮ್ ಅಂತ. ಪಕ್ಕದ ಮರಗಳಿಗೆ ಹೊಡೆಯುವಾಗ ಗಾಳಿ ಇಲ್ಲದ ಬೆಳಗ್ಗೆ ಹೊಡೆಯಿರಿ.

ಈ ಮರಗಳಲ್ಲಿ ಫಸಲು ಕಡಿಮೆ ಆಗಬಹುದು. ಅದನ್ನು ಖರ್ಚಿನ ಲೆಕ್ಕಕ್ಕೆ ಹಾಕಿಕೊಳ್ಳಿ. ತೋಟವನ್ನು ಹೂವಿನಲ್ಲೇ ವ್ಯಾಪಾರಿಗೆ ಗುತ್ತಿಗೆ ಕೊಡುವವರು ಈ ಮರಗಳನ್ನು ಗುತ್ತಿಗೆಯಿಂದ ಹೊರಗಿಡಿ, ಇಲ್ಲದಿದ್ದರೆ ಅವರು ಬಂದು ಔಷಧಿ ಹೊಡೆದೇ ಹೊಡೆಯುತ್ತಾರೆ.

ಅಂಕ ಹಾಕುವುದು: ಇಪ್ಪತ್ತು ಗೊಂಚಲು, ಐದು ಅಂಕ

ಹೂಗೊಂಚಲು ಇನ್ನೂ ಮೊಗ್ಗಿನಲ್ಲಿರುವಾಗಲೇ, ರೋಗ ಕಾಣಿಸಿಕೊಳ್ಳುವ ಮೊದಲೇ ದಾರ ಕಟ್ಟಿ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ಒಂದೊಂದು ಕಡೆ ಐದು ಗೊಂಚಲು. ಒಟ್ಟು ಇಪ್ಪತ್ತು. ಎಲ್ಲ ಮರಗಳಲ್ಲೂ ಒಂದೇ ಎತ್ತರದಲ್ಲಿ ಕಟ್ಟಿ. ಕೆಲವು ಹೊರಗಿನ ಕೊಂಬೆ, ಕೆಲವು ಒಳಗಿನ ನೆರಳಿನ ಕೊಂಬೆ ಇರಲಿ.

ಮೊದಲೇ ಕಟ್ಟುವುದಕ್ಕೆ ಕಾರಣ ಇದೆ. ರೋಗ ಬಂದ ಮೇಲೆ ಆರಿಸಲು ಹೋದರೆ ನಮ್ಮ ಕಣ್ಣು ನಮಗೇ ಮೋಸ ಮಾಡುತ್ತದೆ. ಇಷ್ಟಪಟ್ಟ ಮರದಲ್ಲಿ ಒಳ್ಳೆಯ ಗೊಂಚಲೇ ಕಾಣುತ್ತದೆ. ಬೇಡದ ಮರದಲ್ಲಿ ಕೆಟ್ಟದ್ದೇ ಕಾಣುತ್ತದೆ.

ಪ್ರತಿ ಗೊಂಚಲಿಗೂ ಹೀಗೆ ಅಂಕ ಹಾಕಿ. ರೋಗ ಇಲ್ಲವೇ ಇಲ್ಲ ಅಂದರೆ 0. ಗೊಂಚಲಿನ ಹತ್ತರಲ್ಲಿ ಒಂದು ಪಾಲಿನವರೆಗೆ ಇದ್ದರೆ 1. ಕಾಲು ಭಾಗದವರೆಗೆ 2. ಅರ್ಧದವರೆಗೆ 3. ಮುಕ್ಕಾಲಿನವರೆಗೆ 4. ಅದಕ್ಕಿಂತ ಜಾಸ್ತಿ, ಅಥವಾ ರೋಗದಿಂದ ಪೂರ್ತಿ ಒಣಗಿದ್ದರೆ 5. ಗಾಳಿಗೆ ಮುರಿದು ಬಿದ್ದ ಗೊಂಚಲನ್ನು ಲೆಕ್ಕದಿಂದ ತೆಗೆಯಿರಿ.

ಲೆಕ್ಕದ ಸೂತ್ರ ಸುಲಭ. ಎಲ್ಲ ಅಂಕ ಕೂಡಿಸಿ, ಗೊಂಚಲಿನ ಸಂಖ್ಯೆ ಮತ್ತು 5ರ ಗುಣಲಬ್ಧದಿಂದ ಭಾಗಿಸಿ, 100ರಿಂದ ಗುಣಿಸಿ. ಬಂದದ್ದು ರೋಗದ ಶೇಕಡಾ ಪ್ರಮಾಣ. ನಾನು ಇಪ್ಪತ್ತು ಗೊಂಚಲು ಅಂತ ಹೇಳಿದ್ದು ಸುಮ್ನೆ ಅಲ್ಲ. ಇಪ್ಪತ್ತು ಇಂಟು ಐದು ನೂರು. ಆಗ ಕೂಡಿಸಿದ ಅಂಕವೇ ಶೇಕಡಾ ಆಗುತ್ತದೆ. ಮರದ ಕೆಳಗೆ ನಿಂತು ಬಾಯಲ್ಲೇ ಲೆಕ್ಕ ಮಾಡಬಹುದು. ಉದಾಹರಣೆಗೆ ಆರು ಗೊಂಚಲಿಗೆ 0, ಏಳಕ್ಕೆ 1, ನಾಲ್ಕಕ್ಕೆ 2, ಎರಡಕ್ಕೆ 3, ಒಂದಕ್ಕೆ 4 ಬಂತು ಅಂದುಕೊಳ್ಳಿ. ಏಳು, ಎಂಟು, ಆರು, ನಾಲ್ಕು ಕೂಡಿದರೆ 25. ಆ ಮರದ ರೋಗ ಶೇಕಡಾ 25. ಒಂದು ಗೊಂಚಲು ಗಾಳಿಗೆ ಹೋಗಿ ಹತ್ತೊಂಬತ್ತು ಉಳಿದಿದ್ದರೆ ಮಾತ್ರ 95ರಿಂದ ಭಾಗಿಸುವ ಕೆಲಸ.

ಮೂರು ಸಲ ಅಂಕ ಹಾಕಿ. ಗೊಂಚಲು ಗೇಣುದ್ದ ಆದಾಗ ಒಮ್ಮೆ, ಹೂ ಪೂರ್ತಿ ಅರಳಿದಾಗ ಒಮ್ಮೆ, ಮಿಡಿ ಕಡಲೆ ಕಾಳಿನಷ್ಟು ಆದಾಗ ಒಮ್ಮೆ. ಕೊನೆಯ ಅಂಕಕ್ಕಿಂತ ಅಂಕ ಏರಿದ ವೇಗವನ್ನು ನೋಡಿ. ಒಂದು ಮರ 5ರಿಂದ 10ಕ್ಕೆ, ಅಲ್ಲಿಂದ 20ಕ್ಕೆ ಏರಿತು. ಸಾಕ್ಷಿ ಮರ ಅಷ್ಟೇ ದಿನದಲ್ಲಿ 5ರಿಂದ 35ಕ್ಕೆ, ಅಲ್ಲಿಂದ 80ಕ್ಕೆ ಏರಿತು. ಮೊದಲನೇ ಮರ ರೋಗವನ್ನು ಪೂರ್ತಿ ನಿಲ್ಲಿಸಿಲ್ಲ, ಆದರೆ ಅದರ ಕಾಲು ಹಿಡಿದು ಎಳೆಯುತ್ತಿದೆ. ಹಣ್ಣಿನ ಮರಗಳಲ್ಲಿ ನಮಗೆ ಸಿಗುವ ನಿರೋಧಕ ಶಕ್ತಿ ಹೆಚ್ಚಾಗಿ ಈ ಬಗೆಯದ್ದೇ. ಸೊನ್ನೆ ಅಂಕದ ಮರ ಹುಡುಕುತ್ತಾ ಕೂತರೆ ಇಂಥ ಒಳ್ಳೆಯ ಮರಗಳು ಕೈತಪ್ಪುತ್ತವೆ.

ಅಂಕದ ಪಕ್ಕದಲ್ಲಿ ಹೂ ಬಿಟ್ಟ ದಿನಾಂಕವನ್ನು ಬರೆಯಲೇಬೇಕು. ತಡವಾಗಿ ಹೂ ಬಿಡುವ ಮರ ಚಳಿ ಕಳೆದ ಮೇಲೆ ಅರಳಿ ಬೂದಿಯಿಂದ ಬಚಾವಾಗುತ್ತದೆ. ಎರಡು ಮರಗಳನ್ನು ಹೋಲಿಸುವಾಗ ಅವೆರಡೂ ಅದೇ ವಾರ, ಅದೇ ಹಂತದಲ್ಲಿ ಹೂ ಬಿಟ್ಟಿರಬೇಕು. ಇಲ್ಲದಿದ್ದರೆ "ತಡ ಹೂ" ಅಂತ ಬರೆದು ಬೇರೆ ಇಡಿ. ತಡವಾಗಿ ಅರಳುವುದೂ ಒಂದು ಒಳ್ಳೆಯ ಗುಣವೇ, ಆದರೆ ಅದು ನಿರೋಧಕ ಶಕ್ತಿ ಅಲ್ಲ. ಹವಾಮಾನ ಕೈಕೊಟ್ಟ ವರ್ಷ ಆ ಗುಣವೂ ಕೈಕೊಡುತ್ತದೆ.

ಸಾಧ್ಯವಾದರೆ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಿ. ನಮ್ಮ ಮನೆಯಲ್ಲಿ ನಾನು ಒಂದು ಪುಸ್ತಕ, ಮಗಳು ಒಂದು ಪುಸ್ತಕ ಹಿಡಿಯುತ್ತೇವೆ. ಯಾವುದು ನನ್ನ ಮೆಚ್ಚಿನ ಮರ ಅಂತ ಅವಳಿಗೆ ಹೇಳುವುದಿಲ್ಲ. ಇಬ್ಬರ ಲೆಕ್ಕದಲ್ಲಿ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಒಟ್ಟಿಗೆ ಹೋಗಿ ನೋಡುತ್ತೇವೆ. ಹೆಚ್ಚಿನ ಸಲ ಅವಳದ್ದೇ ಸರಿ ಇರುತ್ತದೆ.

ಹಣ್ಣಾದ ಮೇಲಿನ ಪರೀಕ್ಷೆ

ಚಿಬ್ಬು ರೋಗದಲ್ಲಿ ಮರದ ಮೇಲೆ ನೋಡಿದ್ದು ಅರ್ಧ ಕಥೆ ಮಾತ್ರ. ಶಿಲೀಂಧ್ರ ಮಳೆ ಹನಿಯ ಜೊತೆ ಎಳೆ ಕಾಯಿಯ ಸಿಪ್ಪೆಯೊಳಗೆ ಹೋಗಿ ಸುಮ್ಮನೆ ಕೂರುತ್ತದೆ. ಹಸಿ ಕಾಯಿಯ ಸಿಪ್ಪೆಯಲ್ಲಿ ಅದನ್ನು ಕಟ್ಟಿಹಾಕುವ ವಸ್ತುಗಳು ಇರುತ್ತವೆ. ಕಾಯಿ ಹಣ್ಣಾಗುತ್ತಾ ಅವು ಕಡಿಮೆಯಾಗುತ್ತವೆ. ಆಗ ಶಿಲೀಂಧ್ರ ಎದ್ದು ಕಪ್ಪು ಮಚ್ಚೆ ಮಾಡುತ್ತದೆ. ಮಂಡಿಯಲ್ಲಿ ಚಂದ ಕಂಡ ಕಾಯಿ ಮನೆಯಲ್ಲಿ ಕಪ್ಪಾಗುವುದು ಇದರಿಂದಲೇ.

ಹಾಗಾಗಿ ಬಲಿತ ಕಾಯಿ ಇಪ್ಪತ್ತು ಕೀಳಿ, ನಾಲ್ಕೂ ದಿಕ್ಕಿನಿಂದ. ತೊಟ್ಟು ಒಂದು ಸೆಂಟಿಮೀಟರ್‌ನಷ್ಟಾದರೂ ಇರಲಿ. ಸೊನೆ ಮೈಮೇಲೆ ಹರಿದರೆ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ, ಅದನ್ನೇ ರೋಗ ಅಂದುಕೊಳ್ಳುವ ಅಪಾಯ ಇದೆ. ಬಿಸಿನೀರಿನಲ್ಲಿ ಅದ್ದಬೇಡಿ, ಹಣ್ಣು ಮಾಡುವ ಪುಡಿ ಇಡಬೇಡಿ. ಎಲ್ಲ ಮರಗಳ ಕಾಯಿಯನ್ನೂ ಒಂದೇ ಕೋಣೆಯಲ್ಲಿ, ಒಂದೇ ಬಗೆಯ ಹುಲ್ಲಿನ ಮೇಲೆ, ಒಂದಕ್ಕೊಂದು ತಾಗದ ಹಾಗೆ ಹರಡಿ. ನಾಲ್ಕು, ಏಳು, ಹತ್ತನೇ ದಿನ ಅದೇ 0ಯಿಂದ 5ರ ಅಂಕ ಹಾಕಿ. ಇಲ್ಲೂ ಇಪ್ಪತ್ತು ಹಣ್ಣು, ಕೂಡಿಸಿದ್ದೇ ಶೇಕಡಾ.

ಕಪ್ಪು ಬಣ್ಣ ತೊಟ್ಟಿನ ಸುತ್ತ ಶುರುವಾಗಿ ಉಂಗುರದ ಹಾಗೆ ಕೆಳಗಿಳಿದರೆ ಅದು ತೊಟ್ಟು ಕೊಳೆ, ಬೇರೆ ರೋಗ. ಬಾದಾಮಿಯನ್ನು ಕುಯ್ದಾಗ ಒಳಗೆ ಮಾತ್ರ ಬಿಳಿಚಿಕೊಂಡು ಸ್ಪಂಜಿನ ಹಾಗಿದ್ದರೆ ಅದು ರೋಗವೇ ಅಲ್ಲ, ಹಣ್ಣಿನ ಬೆಳವಣಿಗೆಯ ದೋಷ. ಎರಡನ್ನೂ ಬೇರೆ ಬರೆಯಿರಿ.

ಅಪ್ಪೆಮಿಡಿ ಬೆಳೆಯುವವರಿಗೆ ಈ ಪರೀಕ್ಷೆ ಅಷ್ಟಾಗಿ ಬೇಡ. ನೀವು ಎಳೆ ಮಿಡಿಯನ್ನೇ ಕೊಯ್ಯುತ್ತೀರಿ. ಗೊಂಚಲಿನ ಅಂಕ ಮತ್ತು ದಾರ ಕಟ್ಟಿದ ಗೊಂಚಲಿನಲ್ಲಿ ಎಷ್ಟು ಮಿಡಿ ಉಳಿದವು ಎಂಬ ಎಣಿಕೆ, ಇವೆರಡು ನಿಮಗೆ ಸಾಕು.

ಡಬ್ಬಿಯಲ್ಲಿ ಎಲೆ

ಮಳೆ ಸರಿಯಾಗಿ ಬಾರದ ವರ್ಷ ಚಿಬ್ಬು ರೋಗಕ್ಕೆ ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ರೋಗದ ಚುಕ್ಕೆ ಇರುವ ಎಲೆಗಳನ್ನು ಒದ್ದೆ ಪೇಪರ್ ಹಾಸಿದ ಮುಚ್ಚಳದ ಡಬ್ಬಿಯಲ್ಲಿ ಎರಡು ಮೂರು ದಿನ ಇಡಿ. ಚುಕ್ಕೆಯ ಮೇಲೆ ನಸು ಕಿತ್ತಳೆ ಬಣ್ಣದ ಅಂಟು ಏಳುತ್ತದೆ. ಆ ಎಲೆಯನ್ನು ಒಂದು ಲೋಟ ಕಾಯಿಸಿ ಆರಿಸಿದ ನೀರಿನಲ್ಲಿ ಅಲ್ಲಾಡಿಸಿ. ಪರೀಕ್ಷೆಯ ಮರದ ಐದು ಎಲೆ, ಸಾಕ್ಷಿ ಮರದ ಐದು ಎಲೆ ತನ್ನಿ. ಎಲ್ಲವೂ ತಾಮ್ರದ ಬಣ್ಣದಿಂದ ಹಸಿರಿಗೆ ತಿರುಗುತ್ತಿರುವ ವಯಸ್ಸಿನವು ಆಗಿರಬೇಕು. ಬಲಿತ ಎಲೆಗೆ ರೋಗ ಸುಲಭವಾಗಿ ಹತ್ತುವುದಿಲ್ಲ. ಎಲೆಯ ಅರ್ಧ ಭಾಗಕ್ಕೆ ರೋಗದ ನೀರಿನ ಹನಿ, ಇನ್ನರ್ಧಕ್ಕೆ ಬರೀ ನೀರಿನ ಹನಿ ಹಾಕಿ. ಡಬ್ಬಿ ಮುಚ್ಚಿ ಒಂದು ವಾರ ನೋಡಿ.

ಇದು ಸೂಚನೆ ಮಾತ್ರ. ಎಲೆ ತಡೆದರೆ ಹೂವೂ ತಡೆಯುತ್ತದೆ ಅಂತ ಹೇಳಲು ಆಗುವುದಿಲ್ಲ. ಕೆಲಸ ಮುಗಿದ ಮೇಲೆ ಎಲೆಗಳನ್ನು ಸುಟ್ಟುಬಿಡಿ, ಡಬ್ಬಿಗೆ ಕುದಿಯುವ ನೀರು ಹಾಕಿ.

ಒಂದೇ ಮರದ ಮೇಲೆ ಎರಡನ್ನೂ ನಿಲ್ಲಿಸಿ

ಒಂದು ವರ್ಷದ ಅಂಕವನ್ನು ನಂಬಬೇಡಿ. ನಮ್ಮ ಮಾವು ಒಂದು ವರ್ಷ ತುಂಬಾ ಬಿಟ್ಟು ಇನ್ನೊಂದು ವರ್ಷ ಕಡಿಮೆ ಬಿಡುತ್ತದೆ. ಸಾಕ್ಷಿ ಮರ 50 ದಾಟಿದ ವರ್ಷಗಳನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಅಂಥ ಮೂರು ವರ್ಷ ಒಂದು ಮರ 25ರ ಒಳಗೇ ಉಳಿದರೆ ಅದು ಮುಂದಿನ ಹಂತಕ್ಕೆ ಬಂದ ಹಾಗೆ.

ಆ ಹಂತ ಹೀಗಿದೆ. ಆರಿಸಿದ ಮರದ ಕಡ್ಡಿ ತೆಗೆದು ಸಾಕ್ಷಿ ಮರದ ಕೊಂಬೆಗಳ ಮೇಲೇ ಕಸಿ ಕಟ್ಟಿ. ಸಾಕ್ಷಿ ಮರದ ಎರಡು ಮೂರು ಕೊಂಬೆ ಸವರಿ, ಬಂದ ಹೊಸ ಚಿಗುರಿಗೆ ಮಳೆಗಾಲದಲ್ಲಿ ಮೃದುಕಾಂಡ ಕಸಿ ಮಾಡಿದರೆ ಸರಿ. ಈಗ ಎರಡೂ ಒಂದೇ ಬೇರಿನ ಮೇಲೆ, ಒಂದೇ ನೀರು ಕುಡಿದು, ಒಂದೇ ಗಾಳಿಯಲ್ಲಿ ನಿಂತಿವೆ. ಮಣ್ಣಿನ ನೆಪ ಇಲ್ಲ, ನೆರಳಿನ ನೆಪ ಇಲ್ಲ, ಪಕ್ಕದವರ ಗಂಧಕದ ನೆಪ ಇಲ್ಲ. ಕೆಲವು ವರ್ಷಗಳಲ್ಲಿ ಆ ಕೊಂಬೆ ಹೂ ಬಿಟ್ಟಾಗ ಪಕ್ಕದ ಕೊಂಬೆ ಬೆಳ್ಳಗಾಗಿ ಇದು ಹಸಿರಾಗಿ ಉಳಿದರೆ, ಆ ಶಕ್ತಿ ಮರದ್ದೇ. ನನ್ನ ಮೂಲೆ ಮರದ ಕಡ್ಡಿಯನ್ನು ಮೊದಲು ಹೀಗೆ ಕಟ್ಟಿದ್ದರೆ ಎರಡೇ ಕೊಂಬೆಗಳಲ್ಲಿ ವಿಷಯ ತಿಳಿಯುತ್ತಿತ್ತು.

ಈ ಲೆಕ್ಕ ನಡೆಯದ ಜಾಗಗಳು

ಬೇರೆ ಹಣ್ಣಿನ ತೋಟ ಇರುವವರು ಕೇಳುತ್ತಾರೆ, ನಮ್ಮಲ್ಲೂ ಹೀಗೇ ಮಾಡಬಹುದಾ ಅಂತ. ಕೆಲವು ಕಡೆ ಆಗುತ್ತದೆ, ಕೆಲವು ಕಡೆ ಅಪಾಯ.

ಕೊಡಗಿನ ಕಿತ್ತಳೆಯಲ್ಲಿ ನೋಡಿ ಆರಿಸಿ ಕಡ್ಡಿ ತೆಗೆಯುವುದು ಬೇಡವೇ ಬೇಡ. ಗ್ರೀನಿಂಗ್ ರೋಗದ ದುಂಡಾಣು ಮರದೊಳಗೆ ಸೇರಿ ಬಹಳ ಕಾಲ ಲಕ್ಷಣ ತೋರಿಸದೆ ಇರಬಹುದು. ಅದು ಸಿಲ್ಲಾ ಎಂಬ ಸಣ್ಣ ಕೀಟದಿಂದ ಹರಡುತ್ತದೆ, ಕಸಿ ಕಡ್ಡಿಯಿಂದಲೂ ಹರಡುತ್ತದೆ. ಚೆನ್ನಾಗಿ ಕಾಣುವ ಮರದ ಕಡ್ಡಿಯ ಜೊತೆಯಲ್ಲೇ ರೋಗವನ್ನೂ ಹಂಚಿದ ಹಾಗಾಗುತ್ತದೆ. ಮರದೊಳಗೆ ರೋಗಾಣು ಇದೆಯೇ ಅಂತ ಲ್ಯಾಬ್‌ನಲ್ಲಿ ಪತ್ತೆ ಮಾಡುವ ಪಿಸಿಆರ್ ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ. ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದಲ್ಲಿ ಇದರ ಬಗ್ಗೆ ಕೇಳಿ.

ಇಂಡಿ ಕಡೆಯ ನಿಂಬೆ ತೋಟಗಳಲ್ಲಿ ಕಜ್ಜಿ ರೋಗಕ್ಕೆ ಅಂಕ ಹಾಕಬಹುದು. ಆದರೆ ರಂಗೋಲಿ ಹುಳು ಎಲೆಯಲ್ಲಿ ಸುರಂಗ ಕೊರೆದರೆ ಆ ಗಾಯದಿಂದ ದುಂಡಾಣು ಒಳಹೋಗುತ್ತದೆ. ಹುಳು ಕಡಿಮೆ ಇರುವ ಗಿಡ ರೋಗ ತಡೆಯುವ ಗಿಡದ ಹಾಗೆ ಕಾಣುತ್ತದೆ. ಎರಡನ್ನೂ ಎಣಿಸಿ.

ದಾಳಿಂಬೆ ಬೆಳೆಯುವ ವಿಜಯಪುರ, ಬಾಗಲಕೋಟೆ, ಕೊಪ್ಪಳದವರಿಗೆ ನನ್ನ ಮೂಲೆ ಮರದ ಕಥೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಭಗವಾ ತಳಿಯ ತೋಟದ ಗಿಡಗಳೆಲ್ಲ ಗೂಟಿಯಿಂದ (ಕೊಂಬೆಗೇ ಬೇರು ಬರಿಸಿ) ಅಥವಾ ಅಂಗಾಂಶ ಕೃಷಿಯಿಂದ ಬಂದವು. ಗುಣದಲ್ಲಿ ಒಂದೇ. ಅಲ್ಲಿ ದುಂಡಾಣುವಿನ ಅಂಗಮಾರಿ ರೋಗ ಬಾರದ ಒಂದು ಗಿಡ ಕಂಡರೆ ಅದು ತಪ್ಪಿಸಿಕೊಂಡದ್ದೇ ಅಂತ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಹೂ ಬಿಡಿಸುವ ಮೃಗ ಬಹಾರ್‌ನ ಗಿಡವನ್ನು ಮಳೆ ಮುಗಿಯುವಾಗ ಹೂ ಬಿಡಿಸುವ ಹಸ್ತ ಬಹಾರ್‌ನ ಗಿಡದ ಜೊತೆ ಹೋಲಿಸುವುದಂತೂ ಬೇಡ. ಮಳೆಯಲ್ಲಿ ಅಂಗಮಾರಿ ಜೋರು, ಹಸ್ತದಲ್ಲಿ ಕಡಿಮೆ. ಆ ವ್ಯತ್ಯಾಸ ಕಾಲದ್ದು, ಗಿಡದ್ದಲ್ಲ. ಸೊರಗು ರೋಗದಲ್ಲಿ ಬೇರಿನ ಗಂಟುಹುಳುವನ್ನೂ ನೋಡಬೇಕು, ಮಣ್ಣಿನ ಪರೀಕ್ಷೆ ಬೇಕು.

ಒಳ್ಳೆಯ ಮರ ಸಿಕ್ಕ ಮೇಲೆ

ನಿಜವಾಗಿ ತಡೆಯುವ ನಾಟಿ ಮರ ಸಿಕ್ಕರೆ ಅದರ ಹಣ್ಣನ್ನೂ ನೋಡಿ. ಹುಳಿಯಾದರೆ, ನಾರು ಜಾಸ್ತಿ ಇದ್ದರೆ ಮಾರಲು ಕಷ್ಟ. ಹಾಗಂತ ಬಿಡಬೇಡಿ. ತಳಿ ಬೆಳೆಸುವವರಿಗೆ ಅಂಥ ಮರ ತಾಯಿಯಾಗಿ ಬೇಕಾಗುತ್ತದೆ. ನಿಮ್ಮ ಮೂರು ವರ್ಷದ ಪುಸ್ತಕ ಹಿಡಿದು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಗೆ ಅಥವಾ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಕೇಂದ್ರಗಳಿಗೆ ಹೋಗಿ. ಸುಮ್ನೆ "ನಮ್ಮ ಮರಕ್ಕೆ ರೋಗ ಬರಲ್ಲ" ಅಂದರೆ ಕೇಳುವವರಿಗೂ ಹಿಡಿಯಲು ಏನೂ ಇರುವುದಿಲ್ಲ. ದಿನಾಂಕ, ಅಂಕ, ಸಾಕ್ಷಿ ಮರದ ಲೆಕ್ಕ ತೋರಿಸಿದರೆ ಮಾತು ಮುಂದುವರಿಯುತ್ತದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತರು ತಮ್ಮ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಬಹುದು. ಅದಕ್ಕೂ ಈ ಪುಸ್ತಕ ನೆರವಾಗುತ್ತದೆ.

ಆದರೆ ಆ ಒಂದೇ ಮರದಿಂದ ಇಡೀ ತೋಟ ತುಂಬಬೇಡಿ. ರೋಗವೂ ಬದಲಾಗುತ್ತದೆ. ಬಾಳೆಯಲ್ಲಿ ಆದದ್ದು ಕಣ್ಣ ಮುಂದೆ ಇದೆ. ಪನಾಮಾ ಸೊರಗು ರೋಗ ನಂಜನಗೂಡಿನ ರಸಬಾಳೆಯನ್ನು ಹತ್ತಿರ ಹತ್ತಿರ ಮುಗಿಸಿತು. ಹೊರದೇಶಗಳಲ್ಲಿ ಗ್ರೋ ಮಿಶೆಲ್ ಎಂಬ ಬಾಳೆಯನ್ನು ಮಾರುಕಟ್ಟೆಯಿಂದಲೇ ಓಡಿಸಿತು. ಅದರ ಜಾಗಕ್ಕೆ ಬಂದ ಕ್ಯಾವೆಂಡಿಶ್ ಆ ರೋಗವನ್ನು ತಡೆಯಿತು, ನಮ್ಮಲ್ಲಿ ಜಿ-9 ಅಂತ ಬೆಳೆಯುವುದೂ ಅದೇ ಗುಂಪು. ಈಗ ಅದೇ ಶಿಲೀಂಧ್ರದ ಇನ್ನೊಂದು ಬಗೆ, ಟಿಆರ್-4, ಕ್ಯಾವೆಂಡಿಶ್ ಅನ್ನೂ ಒಣಗಿಸುತ್ತಿದೆ. ಮಾವಿನಲ್ಲಿ ಎರಡು ಮೂರು ಒಳ್ಳೆಯ ಮರಗಳ ಕಸಿಯನ್ನು ಸಾಲು ಬಿಟ್ಟು ಸಾಲಿಗೆ ನೆಡಿ. ಅಂಕ ಹಾಕುವುದನ್ನು ವರ್ಷಕ್ಕೆ ಒಂದು ಸಲವಾದರೂ ಮುಂದುವರಿಸಿ.

ಒಳ್ಳೆಯ ಮರ ಸಿಕ್ಕ ಖುಷಿಯಲ್ಲಿ ಜನ ಮೊದಲು ಮಾಡುವ ಕೆಲಸ ಸಾಕ್ಷಿ ಮರಕ್ಕೆ ಕೊಡಲಿ ಹಾಕುವುದು. ಹಾಗೆ ಮಾಡಬೇಡಿ, ಒಂದಾದರೂ ಉಳಿಸಿ. ಐದು ವರ್ಷ ಆದ ಮೇಲೆ ಹೊಸ ಗಿಡಗಳು ಹಸಿರಾಗಿ ನಿಂತಾಗ, ಆ ವರ್ಷ ರೋಗ ಬಂದಿತ್ತೋ ಇಲ್ಲವೋ ಅಂತ ಆ ಕೆಂಪು ಬಣ್ಣದ ಮರವನ್ನೇ ಕೇಳಬೇಕಾಗುತ್ತದೆ.